ಬ್ಯಾಟರಿ ಬದಲಿಸಿದ ಮೇಲೆ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತಿದೆ

ಹಾಸನ್ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ಕೇಬಲ್ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ತಟ್ಟೆ ಕೇಬಲ್‌ನಿಂದ ತೆರೆಯುವಂಥದ್ದು). ಹೈವೇಲಿ ಏನೂ ತೊಂದರೆ ಇಲ್ಲ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದರೆ ಸಾಕು, ಆರ್‌ಪಿಎಂ ಮುಳ್ಳು 400ಕ್ಕೆ ಬೀಳುತ್ತದೆ, ಸ್ವಲ್ಪ ಒದ್ದಾಡಿ ಗಾಡಿ ಆಫ್. ಎಸಿ ಹಾಕಿದ್ರಂತೂ ಗ್ಯಾರಂಟಿ. ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಹೋದ ವಾರ ಹೊಸ ಬ್ಯಾಟರಿ ಹಾಕಿಸಿದೆ, ಅದು ಬಿಟ್ಟರೆ ಏನೂ ಮುಟ್ಟಿಲ್ಲ. ಮೆಕ್ಯಾನಿಕ್ ಫ್ಯೂಯೆಲ್ ಪಂಪ್ ಬದಲಿಸೋಣ ಅಂತಿದ್ದಾರೆ. ಹಾಕಿಸಲಾ?

ಮಲ್ನಾಡ್ ಗೇರು:
ಥ್ರಾಟಲ್ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತೆ ಬ್ರೋ. ಅರ್ಧ ಸುತ್ತು ಒಳಗೆ ತಿರುಗಿಸಿ, ಐಡಲ್ (ಕಾಲು ತೆಗೆದಾಗಿನ ಆರ್‌ಪಿಎಂ) ಏರುತ್ತೆ, ಕೆಲಸ ಮುಗೀತು.

ಎಣ್ಣೆಕೈ:
ಆ ಸ್ಕ್ರೂ ದಯವಿಟ್ಟು ಮುಟ್ಟಬೇಡಿ. ಕಾರ್ಬ್ಯುರೇಟರ್ ಕಾಲದಲ್ಲಿ ಅದು ಸರಿ ಇತ್ತು. ಇಂಜೆಕ್ಷನ್ ಗಾಡಿಯಲ್ಲಿ ಥ್ರಾಟಲ್ ಎಲ್ಲಿಗೆ ಮುಚ್ಚಬೇಕು ಅಂತ ಕಂಪನಿಯಲ್ಲೇ ಸೆಟ್ ಮಾಡಿರುತ್ತಾರೆ. ಅದನ್ನು ತಿರುಗಿಸಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ಲೆಕ್ಕ ತಪ್ಪುತ್ತದೆ. ಕಾಲು ತೆಗೆದರೂ ತೆಗೆದಿಲ್ಲ ಅಂತ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಿಳಿದುಕೊಳ್ಳಬಹುದು. ಆಮೇಲೆ ಐಡಲ್ ಹಿಡಿಯುವುದು ಇನ್ನೂ ಕಷ್ಟ.

ಪಂಪ್ ಸದ್ಯಕ್ಕೆ ಬೇಡ. ಐಡಲ್‌ನಲ್ಲಿ ಪೆಟ್ರೋಲ್ ಬೇಕಾಗುವುದೇ ಕಡಿಮೆ. ಪಂಪ್ ಸೋತಿದ್ದರೆ ಮೊದಲು ಹೈವೇಲಿ, ಏರಿನಲ್ಲಿ ಎಳೆತ ಕಮ್ಮಿಯಾಗಬೇಕಿತ್ತು. ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಕೂಡ ಅಲ್ಲ ಅನಿಸುತ್ತದೆ. ಅದು ಬಿಸಿಗೆ ಕೈಕೊಟ್ಟರೆ ಮುಳ್ಳು ಒಂದೇಟಿಗೆ ಸೊನ್ನೆಗೆ ಬೀಳುತ್ತದೆ, ಎಂಜಿನ್ ತಣ್ಣಗಾಗುವವರೆಗೆ ಸ್ಟಾರ್ಟ್ ಆಗಲು ಸತಾಯಿಸುವುದೇ ಜಾಸ್ತಿ. ನಿಮ್ಮದು ಒದ್ದಾಡಿ ನಿಲ್ಲುತ್ತಿದೆ, ತಕ್ಷಣ ಎದ್ದೇಳುತ್ತಿದೆ.

ಅಸಲಿ ಸುಳಿವು ಬ್ಯಾಟರಿ. ಕಾಲು ತೆಗೆದಾಗ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇರುತ್ತದೆ. ವರ್ಷಗಟ್ಟಲೆ ಎಣ್ಣೆ ಆವಿ ಬಂದು ಅಲ್ಲಿ ಮಸಿ ಕಟ್ಟುತ್ತದೆ, ಗಾಳಿ ಕಮ್ಮಿಯಾಗುತ್ತದೆ. ಇಸಿಯು ಸುಮ್ನೆ ಕೂರುವುದಿಲ್ಲ. ಐಎಸಿ ವಾಲ್ವನ್ನು (ಐಡಲ್‌ಗೆ ಬೇಕಾದ ಗಾಳಿಯನ್ನು ತಟ್ಟೆಯ ಪಕ್ಕದ ದಾರಿಯಿಂದ ಬಿಡುವ ವಾಲ್ವ್) ದಿನೇ ದಿನೇ ಸ್ವಲ್ಪ ಸ್ವಲ್ಪ ಜಾಸ್ತಿ ತೆರೆದು ಐಡಲ್ ಕಾಪಾಡುತ್ತಾ, ಆ ಲೆಕ್ಕವನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ತೆಗೆದಾಗ ಎಷ್ಟೋ ಗಾಡಿಗಳಲ್ಲಿ ಆ ನೆನಪು ಅಳಿಸಿಹೋಗುತ್ತದೆ. ಇಸಿಯು ಹೊಸ ಗಾಡಿಯ ಲೆಕ್ಕಕ್ಕೆ ವಾಪಸ್, ಮಸಿ ಮಾತ್ರ ಅಲ್ಲೇ. ಹೊಸ ಬ್ಯಾಟರಿಯಲ್ಲಿ ದೋಷ ಹುಡುಕಬೇಡಿ.

ಬಿಚ್ಚುವ ಮೊದಲು ಎರಡು ವಿಷಯ ಹೇಳಿ. ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದರೆ ಆರ್‌ಪಿಎಂ ಬದಲಾಗುತ್ತದಾ? ಬದಲಾದರೆ ಬ್ರೇಕ್ ಬೂಸ್ಟರ್ (ಎಂಜಿನ್ ಗಾಳಿ ಎಳೆಯುವ ಬಲದಿಂದ ಬ್ರೇಕ್ ಹಗುರ ಮಾಡುವ ಡಬ್ಬಿ) ಇಲ್ಲವೇ ಅದರ ಪೈಪ್ ಸೋರುತ್ತಿರಬಹುದು. ಇನ್ನೊಂದು, ಒಬಿಡಿ ಬ್ಲೂಟೂತ್ ಸ್ಕ್ಯಾನರ್ (ಇಸಿಯು ಲೆಕ್ಕಗಳನ್ನು ಫೋನ್‌ನಲ್ಲಿ ತೋರಿಸುವುದು) ಸಿಕ್ಕರೆ ಮ್ಯಾಪ್ ಸೆನ್ಸರ್ ರೀಡಿಂಗ್, ಅಂದರೆ ಥ್ರಾಟಲ್ ದಾಟಿದ ಮೇಲಿನ ಗಾಳಿಯ ಒತ್ತಡ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಮಂಗಳೂರಲ್ಲಾದರೆ 101 ಕಿಲೋಪಾಸ್ಕಲ್, ಹಾಸನ, ಬೆಂಗಳೂರಿನ ಎತ್ತರಕ್ಕೆ 90ರ ಆಸುಪಾಸು. ಬಿಸಿ ಎಂಜಿನ್ ಐಡಲ್‌ನಲ್ಲಿ 30ರಿಂದ 40ರ ಒಳಗಿರಬೇಕು.

ಹಾಸನ್ ಸವಾರ:
ಸರ್, ಬ್ರೇಕ್ ಒತ್ತಿದರೆ ಏನೂ ವ್ಯತ್ಯಾಸ ಇಲ್ಲ. ಕೀ ಆನ್‌ನಲ್ಲಿ 90, ಎಕ್ಸಲರೇಟರ್ ಒಂಚೂರು ಒತ್ತಿ 800 ಆರ್‌ಪಿಎಂನಲ್ಲಿ ಹಿಡಿದರೆ 34. ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಲೆಕ್ಕಕ್ಕೆ ಮಾಡುವ ಶೇಕಡಾ ತಿದ್ದುಪಡಿ) ಪ್ಲಸ್ 3, ಮೈನಸ್ 2 ಅಂತ ಆಡುತ್ತಿದೆ.

ಎಣ್ಣೆಕೈ:
ಹಾಗಾದರೆ ಸೆನ್ಸರ್ ಸರಿ ಇದೆ, ಪೆಟ್ರೋಲ್ ಲೆಕ್ಕವೂ ಸರಿ ಇದೆ. ಮ್ಯಾಪ್ ಸೆನ್ಸರ್ ಗಾಡಿಯಲ್ಲಿ ಗಾಳಿ ಸೋರಿದರೆ ಸಾಮಾನ್ಯವಾಗಿ ಐಡಲ್ ಏರುತ್ತದೆ, ನಿಮ್ಮದು ಇಳಿಯುತ್ತಿದೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿ.

ಎಂಜಿನ್ ತಣ್ಣಗಿರಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. ಏರ್ ಫಿಲ್ಟರ್‌ನಿಂದ ಬರುವ ದಪ್ಪ ಪೈಪ್ ತೆಗೆಯಿರಿ. ಥ್ರಾಟಲ್ ಬಾಡಿ ಕ್ಲೀನರ್ ಅಂತಲೇ ಬರೆದಿರುವ ಕ್ಯಾನ್ ತನ್ನಿ. ಅದನ್ನು ನೇರ ಒಳಗೆ ಸುರಿಯಬೇಡಿ. ಬಟ್ಟೆಗೆ ಹೊಡೆದು, ಕೇಬಲ್ ಎಳೆದು ತಟ್ಟೆ ತೆರೆದು, ಅದರ ಹಿಂಬದಿ ಅಂಚನ್ನೂ ಒರೆಸಿ. ಮಸಿ ಜಾಸ್ತಿ ಇರುವುದೇ ಅಲ್ಲಿ. ಐಎಸಿ ವಾಲ್ವ್ ಬಿಚ್ಚಿದರೆ ಮೂತಿಯನ್ನು ಮಾತ್ರ ಒರೆಸಿ. ಕೈಯಿಂದ ಒಳಕ್ಕೆ ಒತ್ತಬೇಡಿ, ಒಳಗಿನ ಗೇರ್ ಹಾಳಾಗುತ್ತದೆ. ಇದನ್ನು ಓದುತ್ತಿರುವ ಎಲೆಕ್ಟ್ರಾನಿಕ್ ಥ್ರಾಟಲ್‌ನವರು ತಟ್ಟೆಯನ್ನು ಬೆರಳಿಂದ ತಳ್ಳಲು ಹೋಗಬೇಡಿ.

ಜೋಡಿಸಿದ ಮೇಲೆ ಎಸಿ, ಲೈಟ್ ಎಲ್ಲ ಆಫ್ ಇಟ್ಟು ಸ್ಟಾರ್ಟ್ ಮಾಡಿ. ರೇಡಿಯೇಟರ್ ಫ್ಯಾನ್ ಬಂದು ಹೋಗುವವರೆಗೆ ಎಕ್ಸಲರೇಟರ್ ಮುಟ್ಟದೆ ಬಿಡಿ. ಆಮೇಲೆ ಎಸಿ ಹಾಕಿ ಇನ್ನೊಂದಷ್ಟು ಹೊತ್ತು ಓಡಿಸಿ. ಕೆಲವು ಗಾಡಿಗಳಿಗೆ ಸ್ಕ್ಯಾನರ್‌ನಿಂದಲೇ ಐಡಲ್ ಕಲಿಸಬೇಕು, ಮ್ಯಾನ್ಯುಯಲ್ ಒಮ್ಮೆ ನೋಡಿ.

ಹಾಸನ್ ಸವಾರ:
ಬಿಚ್ಚಿದೆ ಸರ್. ತಟ್ಟೆ ಸುತ್ತ ಕರೀ ಉಂಗುರ, ಉಗುರಿಂದ ಕೆರೆದರೆ ಜಿಡ್ಡು ಜಿಡ್ಡಾಗಿ ಬರುತ್ತಿತ್ತು. ಒರೆಸಿದ ಬಟ್ಟೆ ಬಿಸಾಕಬೇಕಾಯ್ತು. ಮೊದಲ ಸ್ಟಾರ್ಟ್‌ಗೆ ಐಡಲ್ 1400ಕ್ಕೆ ಹೋಗಿ ಹೆದರಿಸಿತು, ಫ್ಯಾನ್ ಬರುವ ಹೊತ್ತಿಗೆ 750ಕ್ಕೆ ಇಳಿದು ನಿಂತಿತು. ಎಸಿ ಹಾಕಿದರೆ 850. ಸಿಗ್ನಲ್‌ನಲ್ಲಿ ಆಫ್ ಆಗುತ್ತಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಮುಳ್ಳು ಒಮ್ಮೆ ಅಲುಗುತ್ತದೆ, ಪರವಾಗಿಲ್ವಾ?

ಎಣ್ಣೆಕೈ:
ಅಲುಗಿ ವಾಪಸ್ ಬಂದರೆ ಸಹಜ, ಆಲ್ಟರ್ನೇಟರ್ ಮೇಲೆ ಲೋಡ್ ಬೀಳುತ್ತದಲ್ವಾ. ಸಮಾಧಾನಕ್ಕೆ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ, 13.8ರಿಂದ 14.4 ವೋಲ್ಟ್ ಇದ್ದರೆ ಸಾಕು. ಅಷ್ಟು ಜಿಡ್ಡಿತ್ತು ಅಂದರೆ ಮುಂದಿನ ಆಯಿಲ್ ಸರ್ವಿಸ್‌ನಲ್ಲಿ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಗಾಳಿಯ ದಾರಿಗೆ ಬಿಡುವ ವಾಲ್ವ್) ಬಿಚ್ಚಿಸಿ ಅಲ್ಲಾಡಿಸಿ ನೋಡಿ. ಒಳಗೆ ಟಕಟಕ ಸದ್ದು ಬರದಿದ್ದರೆ ಬದಲಿಸಿ.