ಸಹಾಯ ಬೇಕು: ಜುಕಿನಿ ಹೀಚು ಹಳದಿಯಾಗಿ ಉದುರ್ತಿದೆ

ನಮಸ್ಕಾರ. ಮೈಸೂರಲ್ಲಿ ತಾರಸಿ ಮೇಲೆ ಮೊದಲ ಸಲ ಜುಕಿನಿ (ಸೌತೆ ಥರ ಕಾಣೋ, ಕುಂಬಳದ ಜಾತಿಯ ತರಕಾರಿ) ಹಾಕಿದೀನಿ. ಎರಡು ಗಿಡ, 15 ಇಂಚಿನ ಗ್ರೋ ಬ್ಯಾಗ್. ಕೆಮ್ಮಣ್ಣು, ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬೀಜ ಊರಿ 50 ದಿನ ಆಯ್ತು. ಎಲೆ ಒಂದೊಂದೂ ಮೊರದಗಲ!

ಕಷ್ಟ ಕಾಯಿಯದ್ದು. ಹೀಚು ಹೆಬ್ಬೆರಳುದ್ದ ಆಗ್ತಿದ್ದಂಗೆ ತುದಿಯಿಂದ ಹಳದಿ ತಿರುಗಿ, ಮೆತ್ತಗಾಗಿ ಉದುರಿಹೋಗುತ್ತೆ. ಇಲ್ಲಿವರೆಗೆ ಏಳು ಹೋದವು. ಪರಾಗ ಸೇರ್ತಿಲ್ಲ ಅಂತ ನನ್ನ ಅನುಮಾನ. ಹೂ ಅರಳೋದು ಬೆಳಗ್ಗೆ ಮಾತ್ರ, ಬಿಸಿಲೇರಿದರೆ ಮುದುಡಿಕೊಳ್ಳುತ್ತೆ; ನಮ್ಮ ಮೂರನೇ ಮಹಡಿಗೆ ಜೇನು ಬರೋದೇ ಅಪರೂಪ. ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿಗೆ ಸವರೋಣ ಅಂದ್ರೆ ಎರಡೂ ಒಂದೇ ದಿನ ಅರಳಲ್ಲ. ಹೋದ ಮಂಗಳವಾರ ಒಂದೇ ಒಂದಕ್ಕೆ ಸಿಕ್ತು. ಆ ಕಾಯಿ ಈಗ ಗೇಣುದ್ದ. (ನಮ್ಮತ್ತೆ ದಿನಾ ಬಂದು 'ಇದು ಸೌತೇನಾ, ಸೋರೇನಾ?' ಅಂತ ನೋಡಿ ಹೋಗ್ತಾರೆ.)

ಬೆಳೆದಿರೋರು ಹೇಳಿ: ಗಂಡು ಹೂವನ್ನ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಸವರಿದ್ರೆ ಕಾಯಿ ಕಟ್ಟುತ್ತಾ? ಈ ಒಂದನ್ನ ಈಗ್ಲೇ ಕೊಯ್ದುಬಿಡ್ಲಾ? ಬಲಿತ್ರೆ ಬೀಜ ಗಟ್ಟಿಯಾಗುತ್ತಲ್ವಾ? ಕೈಲಿ ತಿರುಚಿದ್ರೆ ಕಾಂಡ ಸೀಳೀತು ಅಂತ ಭಯ, ಚಾಕು ಹಾಕ್ಲಾ? ಕೆಳಗಿನ ಎರಡು ಎಲೆಗೆ ಬೂದಿ ರೋಗವೂ ಹತ್ತಿದೆ, ಅವನ್ನ ಕತ್ತರಿಸಿ ಎಸೆದೆ. ಅಷ್ಟು ಸಾಕಾ?