ಟ್ಯಾಂಕಿನಲ್ಲಿ ಮೀನು ಸಾಕುವವರ ಗ್ರೂಪಿನ ಭಾನುವಾರದ ಪ್ರಶ್ನೋತ್ತರ: ಕೋರಿ ಮೀನಿನ ಮೊಟ್ಟೆ ಯಾಕೆ ಬೆಳ್ಳಗಾಗ್ತದೆ?

ಸುರತ್ಕಲ್: ಡಾಕ್ಟ್ರೇ, ಮೊನ್ನೆ ಜೋರು ಮಳೆ ಬಂದ ರಾತ್ರಿ ನಮ್ಮ ಬ್ರಾಂಜ್ ಕೋರಿ (ಟ್ಯಾಂಕಿನ ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು) ಗಾಜಿಗೆ ಎಪ್ಪತ್ತು ಮೊಟ್ಟೆ ಅಂಟಿಸಿತ್ತು. ಎರಡನೇ ದಿನಕ್ಕೆ ಎಲ್ಲ ಬೆಳ್ಳಗೆ, ಹತ್ತಿ ಹಿಡಿದ ಹಾಗೆ. ಈ ಮಳೆಗಾಲದಲ್ಲಿ ಇದು ಮೂರನೇ ಸಲ. ಹೋದ ವರ್ಷ ಮರಿ ಆಗಿತ್ತು. ಆರು ಮೀನುಂಟು, ಬಾವಿ ನೀರು.

ಉಳ್ಳಾಲ: ಗಂಡು ಹೆಣ್ಣು ಗೊತ್ತಾಗುವುದು ಹೇಗೆ ಸರ್?

ಡಾಕ್ಟ್ರು: ಮೇಲಿಂದ ನೋಡಿ. ಅಗಲ ಇದ್ದದ್ದು ಹೆಣ್ಣು.

ಕದ್ರಿ: ಬಾವಿ ನೀರಿನದ್ದೇ ತೊಂದರೆ. ಕಾರ್ಪೊರೇಷನ್ ನೀರು ಹಾಕಿ.

ಮಲ್ಪೆ: ಕ್ಲೋರಿನ್ ಯಾರು ತೆಗೀತಾರೆ, ನೀವಾ?

ಡಾಕ್ಟ್ರು: ಸುರತ್ಕಲ್‌ನವರೇ, ಮಳೆಗೆ ಮೊಟ್ಟೆ ಇಟ್ಟದ್ದು ಸರಿಯೇ. ದಕ್ಷಿಣ ಅಮೆರಿಕದ ಮೀನು ಅದು, ಮಳೆಯ ತಣ್ಣೀರು ತಾಗಿದರೆ ಮೊಟ್ಟೆ ಇಡುವ ಹೊತ್ತು ಬಂತೆಂದು ಅದಕ್ಕೆ ಲೆಕ್ಕ. ನಾಲ್ಕೈದು ಬೆಳ್ಳಗಾದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಲ್ಲ ಒಟ್ಟಿಗೆ, ಮೂರು ಸಲವೂ ಅಂದರೆ ಬೂಸ್ಟು ಆಮೇಲೆ ಬಂದದ್ದು, ಮೊಟ್ಟೆ ಮೊದಲೇ ಗೊಡ್ಡು. ಎರಡು ಮೀನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ನಿಂತದ್ದು ಕಂಡಿದ್ದೀರಾ? ಹೆಣ್ಣಿನ ಬಾಯಿ ಗಂಡಿನ ಹೊಟ್ಟೆಗೆ ತಾಗಿರುತ್ತದೆ. ಆಮೇಲೆ ಹೆಣ್ಣು ಹೊಟ್ಟೆಯಡಿಯ ರೆಕ್ಕೆಯನ್ನು ಬೊಗಸೆ ಮಾಡಿ ಮೊಟ್ಟೆ ಹಿಡಿದುಕೊಂಡು ಹೋಗಿ ಗಾಜಿಗೆ ಒತ್ತುತ್ತದೆ. ಆರರಲ್ಲಿ ಗಂಡು ಎಷ್ಟು?

ಸುರತ್ಕಲ್: ಈಗ ನೋಡಿದೆ. ಆರೂ ಅಗಲವೇ. ಸಪೂರದ್ದು ಎರಡಿತ್ತು, ಬೇಸಗೆಯಲ್ಲಿ ಸತ್ತವು. ಇಲ್ಲಿ ಬಂದ ಮದ್ದು ಹಾಕಿದ್ದೆ, ಕಲ್ಲುಪ್ಪು ಮತ್ತು ಅರಸಿನ.

ಡಾಕ್ಟ್ರು: ಆ ಫಾರ್ವರ್ಡ್ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ? ಅರಸಿನ ಸಾರಿಗೆ. ಕೋರಿಗೆ ಉಪ್ಪು ಆಗಿಬರುವುದಿಲ್ಲ.

ಕದ್ರಿ: ನಾನೇ ಕಳಿಸಿದ್ದು. ಬಾಕಿ ಆರು ಬದುಕಿದ್ದಾವಲ್ಲ? ನನ್ನ ಗಪ್ಪಿಗೂ ಹಾಕಿದ್ದೇನೆ, ಎಂತ ಆಗಲಿಲ್ಲ.

ಡಾಕ್ಟ್ರು: ಗಪ್ಪಿ ಅಳಿವೆಯ ಸವಳು ನೀರಲ್ಲೂ ಬದುಕುತ್ತದೆ. ಉಪ್ಪಿನಿಂದಲೇ ಸತ್ತವು ಅಂತ ನಾನು ಹೇಳಿಲ್ಲ. ಹಾಕಬಾರದಿತ್ತು ಅಂತ ಹೇಳಿದ್ದು.

ಮಲ್ಪೆ: ಕದ್ರಿಯವರಿಗೆ ಎಲ್ಲದಕ್ಕೂ ಉಪ್ಪೇ. ಬಂಗುಡೆ ಒಣಗಿಸ್ತಾರೋ ಏನೋ.

ಕದ್ರಿ: ನೀವು ಸುಮ್ಮನಿರಿ ಮಾರಾಯ್ರೆ, ನಿಮ್ಮ ಟ್ಯಾಂಕಿನ ಪಾಚಿ ನೋಡಿದ್ದೇನೆ.

ಡಾಕ್ಟ್ರು: ಸುರತ್ಕಲ್‌ನವರೇ, ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಇಡುವುದುಂಟು. ಅದೇ ಜಾತಿಯ ಮೂರ್ನಾಲ್ಕು ಸಪೂರದ್ದು ತನ್ನಿ, ಬೇರೆ ತೊಟ್ಟಿಯಲ್ಲಿ ಮೂರು ವಾರ ಇಟ್ಟು ಆಮೇಲೆ ಬಿಡಿ. ಮೊಟ್ಟೆ ಕಂಡ ಕೂಡಲೇ ಹಳೇ ಎಟಿಎಂ ಕಾರ್ಡಿನಿಂದ ಮೆಲ್ಲ ಎಬ್ಬಿಸಿ, ಅದೇ ಟ್ಯಾಂಕಿನ ನೀರಿರುವ ಡಬ್ಬಕ್ಕೆ ಹಾಕಿ. ಬಿಟ್ಟರೆ ತಾಯಿಯೇ ತಿನ್ನುತ್ತದೆ. ಗಾಳಿ ಮೆಲ್ಲ ಆಡಲಿ, ಒಣಗಿದ ಬಾದಾಮಿ ಎಲೆ ಒಂದು ಸಾಕು. ಬೆಳ್ಳಗಾದದ್ದನ್ನು ದಿನಾ ಹೆಕ್ಕಿ. ಮೂರರಿಂದ ಐದು ದಿನದಲ್ಲಿ ಒಡೆಯುತ್ತವೆ. ಮೊದಲ ಒಂದೆರಡು ದಿನ ಹೊಟ್ಟೆಯ ಚೀಲವೇ ಅವಕ್ಕೆ ಊಟ, ಆಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಸಿಗಡಿಯಂಥ ಸಣ್ಣ ಜೀವಿಯ ಮರಿ. ಕೋಳಿಮೊಟ್ಟೆಯ ಹಳದಿ ಕದಡಬೇಡಿ, ನೀರು ನಾರುತ್ತದೆ.

ಉಳ್ಳಾಲ: ಸರ್, ಗಂಡು ಹೆಣ್ಣು ಹೇಗೆ...

ಡಾಕ್ಟ್ರು: ಮೇಲೆ ಉಂಟು.

ಕಾರ್ಕಳ: ನಮ್ಮ ಪಾಚಿ ತಿನ್ನುವ ಸಕ್ಕರ್ ಮೀನು ಒಂದಡಿ ಆಯ್ತು. ಹೊಳೆಗೆ ಬಿಡಬಹುದಾ?

ಉಳ್ಳಾಲ: ಬಿಡಿ, ಪಾಪ.

ಡಾಕ್ಟ್ರು: ಬಿಡಬೇಡಿ! ನಮ್ಮ ಹೊಳೆಯ ಮೀನಲ್ಲ ಅದು. ದಂಡೆ ಕೊರೆದು ಮರಿ ಮಾಡುತ್ತದೆ, ಆಮೇಲೆ ಬಲೆ ಹಾಕುವವರಿಗೆ ಅದೇ ಸಿಗುತ್ತದೆ. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ಕಾರ್ಕಳ: ಯಾರೂ ತಗೊಳ್ತಾ ಇಲ್ಲ ಸರ್. ಮುಗುಡಿನ ಜೊತೆ ಹಾಕ್ಲಾ?

ಕದ್ರಿ: ಮಲ್ಪೆಯವರು ಪಾಚಿ ತಿನ್ನಿಸ್ಲಿಕ್ಕೆ ತಗೊಳ್ತಾರೆ, ಕೇಳಿ.