ಪದ ಬೇಕು: ಒತ್ತಡಕ್ಕೆ ಕುಗ್ಗದ ಇಲಿಯ ಗುಣಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ,

ವ್ಯಾಯಾಮ ಮತ್ತು ಖಿನ್ನತೆಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ರೆಸಿಲಿಯೆನ್ಸ್' (ಒತ್ತಡ ಬಂದರೂ ಕುಗ್ಗದಿರುವ ಗುಣ) ಎಂಬಲ್ಲಿ ಮೂರು ದಿನದಿಂದ ಗಾಡಿ ನಿಂತಿದೆ. 'ಸ್ಥಿತಿಸ್ಥಾಪಕತ್ವ' ಎಂದು ಬರೆದರೆ ಹೈಸ್ಕೂಲಿನ ಭೌತಶಾಸ್ತ್ರವೂ ರಬ್ಬರ್ ಬ್ಯಾಂಡೂ ಕಣ್ಣಮುಂದೆ ಬರುತ್ತವೆ.

ಸಂದರ್ಭ ಹೇಳುತ್ತೇನೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರ 2014ರ ಅಧ್ಯಯನ ಅದು. ವ್ಯಾಯಾಮ ಮಾಡಿದಾಗ ಸ್ನಾಯುಗಳಲ್ಲಿ ಹೆಚ್ಚುವ ಪಿಜಿಸಿ-1ಆಲ್ಫಾ1 ಎಂಬ ಪ್ರೋಟೀನು ಹುಟ್ಟಿನಿಂದಲೇ ಜಾಸ್ತಿ ಇರುವ ಇಲಿಗಳನ್ನು ರೂಪಿಸಿದರು. ಅವನ್ನೂ ಸಾಮಾನ್ಯ ಇಲಿಗಳನ್ನೂ ಐದು ವಾರ ಗದ್ದಲ, ಮಿಣುಕು ಬೆಳಕು, ಹಗಲು-ರಾತ್ರಿ ಅದಲುಬದಲು ಎಂದು ಕಾಡಿದರು. ಸಾಮಾನ್ಯ ಇಲಿಗಳು ಮಂಕಾದವು, ಇವು ಆಗಲಿಲ್ಲ. ಒತ್ತಡದಲ್ಲಿ ರಕ್ತದಲ್ಲಿ ಏರುವ ಕೈನುರೆನಿನ್ ಎಂಬ ವಸ್ತು ಮಿದುಳಿಗೆ ಹೋಗಿ ಕೇಡು ಮಾಡುತ್ತದೆ. ಆ ಪ್ರೋಟೀನು ಹೆಚ್ಚಿರುವ ಸ್ನಾಯುವಿನ ಕಿಣ್ವಗಳು ಅದನ್ನು ಕೈನುರೆನಿಕ್ ಆಮ್ಲವಾಗಿ ಬದಲಿಸುತ್ತವೆ. ಆ ಆಮ್ಲ ರಕ್ತದಿಂದ ಮಿದುಳಿಗೆ ದಾಟಲಾರದು.

(ಈ ಆಮ್ಲವನ್ನು 1853ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಮೊದಲು ಕಂಡದ್ದು ನಾಯಿಯ ಮೂತ್ರದಲ್ಲಿ. ಹೆಸರಿನಲ್ಲೇ ಗ್ರೀಕಿನ ನಾಯಿ, ಮೂತ್ರ ಎರಡೂ ಇವೆ. 'ಶ್ವಾನಮೂತ್ರಾಮ್ಲ' ಎಂದು ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.)

ಈಗ ಪ್ರಶ್ನೆ. 'ಚೇತರಿಕೆ' ಹೊಂದುವುದಿಲ್ಲ, ಈ ಇಲಿಗಳು ಬಿದ್ದೇ ಇಲ್ಲ. 'ಸಹನೆ', 'ತಾಳ್ಮೆ' ಎಂದರೆ ಇಲಿ ಋಷಿಯಾಗಿಬಿಡುತ್ತದೆ. 'ಬಾಳಿಕೆ' ಚಪ್ಪಲಿ-ಬಟ್ಟೆಗೆ ಸರಿ. ಕೃಷಿಯವರು 'ಬರ ತಾಳುವ ತಳಿ' ಅನ್ನುತ್ತಾರಲ್ಲ, ಅಲ್ಲಿನ 'ತಾಳು' ನನಗೆ ಹಿಡಿಸಿತು: ಬರ ಬಂದೇ ಬರುತ್ತದೆ, ಗಿಡ ಸಾಯುವುದಿಲ್ಲ. ಹಾಗಾಗಿ 'ಒತ್ತಡ ತಾಳಿಕೆ' ಎಂದು ಬರೆದಿಟ್ಟಿದ್ದೇನೆ. ಆದರೆ ಮನೆಯಲ್ಲಿ ಓದಿಸಿದಾಗ ಅಕ್ಕ "ಇದೇನು ತಾಳಿ ಕಟ್ಟೋದಾ?" ಅಂದಳು.

'ವ್ಯಾಯಾಮ'ದ ಬಗ್ಗೆ ತಕರಾರಿಲ್ಲ. 'ಕಸರತ್ತು' ಚೆನ್ನಾಗಿತ್ತು, ಪತ್ರಿಕೆಗಳು ಅದನ್ನು ಸಂಪುಟ ವಿಸ್ತರಣೆಗೆ ಬರೆದುಕೊಟ್ಟಿವೆ.

ಹೊಲದಲ್ಲೋ ಗರಡಿಯಲ್ಲೋ 'ರೆಸಿಲಿಯೆನ್ಸ್'ಗೆ ಬಳಕೆಯ ಪದ ಕೇಳಿದವರಿದ್ದರೆ ದಯವಿಟ್ಟು ತಿಳಿಸಿ, ಯಾವ ಕಡೆಯದು ಎಂಬುದನ್ನೂ ಸೇರಿಸಿ. 'ದಮ್ಮು' ನನಗೂ ಹೊಳೆದಿತ್ತು, ಸಂಪಾದಕರು ಹೊಡೆದುಹಾಕಿದರು.